ನಿನ್ನೆ ಏನೇನು ಮಾಡಿದೆ, ಬರೆದುಕೊಡು

(ಮೈಸೂರಿನ ಪ್ರೌಢಶಾಲೆಯೊಂದರ ಪೋಷಕರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಂದು ಹಾಳೆ ತಂದಿದ್ದೇನೆ. ಮೊದಲು ಅದನ್ನೇ ಓದಿಬಿಡುತ್ತೇನೆ. ಬರೆದವನು ಒಂಬತ್ತನೇ ಕ್ಲಾಸಿನ ಹುಡುಗ. ಈ ಶಾಲೆಯವನಲ್ಲ, ಅಕ್ಕಪಕ್ಕ ನೋಡಬೇಡಿ. ಅವನನ್ನು ಕೇಳಿಯೇ ತಂದಿದ್ದೇನೆ. "ಮೈ ಬರ್ತಾನೇ ಇದೆ ಡಾಕ್ಟ್ರೇ, ಬಾಯಿಗೆ ಬೀಗ ಹಾಕೋಕಾಗುತ್ತಾ" ಎಂದು ಅವನ ಅಮ್ಮ ಕರೆದುಕೊಂಡು ಬಂದಿದ್ದರು. ಅಮ್ಮನನ್ನು ಸ್ವಲ್ಪ ಹೊರಗೆ ಕೂರಿಸಿ, ಅವನ ಕೈಗೆ ಪೆನ್ನು ಕೊಟ್ಟು, "ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಮಾಡಿದೆ, ಬರೆದುಕೊಡಪ್ಪ" ಎಂದೆ. ಅವನು ಬರೆದದ್ದು ಇಷ್ಟು.

"6.30 ಎದ್ದೆ. ಹಾಲು ಕುಡಿದೆ. ಎರಡು ಇಡ್ಲಿ ತಿಂದೆ. 7.40 ವ್ಯಾನ್. 8.30ರಿಂದ 3.45 ಸ್ಕೂಲು. ಪಿ.ಟಿ. ಇತ್ತು, ಆದರೆ ಮ್ಯಾಥ್ಸ್ ಮಾಡಿದರು. 4.30 ವ್ಯಾನ್ ಇಳಿದೆ. ಬೇಕರಿಯಲ್ಲಿ ಎಗ್ ಪಫ್ಸ್, ಕೂಲ್ ಡ್ರಿಂಕ್ಸ್. 5ರಿಂದ 7.30 ಟ್ಯೂಷನ್. ಅಪ್ಪ ಸ್ಕೂಟರಲ್ಲಿ ಕರ್ಕೊಂಡು ಬಂದರು. 8ರಿಂದ 9.30 ಫೋನು, ಚಿಪ್ಸ್. 9.30 ಟಿವಿ ನೋಡ್ತಾ ಊಟ. 10ರಿಂದ 11.30 ಹೋಂವರ್ಕ್. ಆಮೇಲೆ ಫೋನು. 12.15 ಮಲಗಿದೆ."

ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ವ್ಯಾನು, ಬೆಂಚು, ಟ್ಯೂಷನ್, ಸೋಫಾ, ಓದುವ ಮೇಜು ಎಲ್ಲ ಸೇರಿ ಕೂತಿದ್ದು 14 ಗಂಟೆ ಮೀರಿತು. ನಿದ್ದೆ ಆರೂಕಾಲು ಗಂಟೆ. "ನಡೆದಿದ್ದು ಎಷ್ಟು?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಬೇಕರಿಗೆ ಹೋಗಿದ್ದು ಬಿಟ್ರೆ ಏನಿಲ್ಲ" ಎಂದ. ಆ ಹುಡುಗನ ಇಡೀ ದಿನದ ವ್ಯಾಯಾಮ ಅಂದರೆ ಬೇಕರಿಗೆ ಹೋಗಿದ್ದು!

ನೀವು ನಕ್ಕಿರಿ, ನಾನೂ ನಕ್ಕೆ. ಆದರೆ ಆ ಹಾಳೆಯಲ್ಲಿ ಅವನು ತಾನಾಗಿ ಆರಿಸಿಕೊಂಡದ್ದು ಏನಿದೆ, ಇನ್ನೊಂದು ಸಲ ನೋಡಿ. ವ್ಯಾನು ಮಾಡಿದ್ದು ಅಪ್ಪ. ಟ್ಯೂಷನ್ ಸೇರಿಸಿದ್ದು ಅಮ್ಮ. ಪಿ.ಟಿ. ತೆಗೆದದ್ದು ಶಾಲೆ. ಅವನದು ಅಂತ ಇರೋದು ಒಂದು ಪಫ್ಸು, ಒಂದು ಫೋನು. ನಾವು ಬೈಯುವುದು ಆ ಎರಡನ್ನು ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದಿದೆ. ಜಗತ್ತಿನಲ್ಲಿ 5ರಿಂದ 19 ವರ್ಷದ ಮಕ್ಕಳಲ್ಲಿ ತೂಕ ಜಾಸ್ತಿ ಇದ್ದವರು 1990ರಲ್ಲಿ 100ಕ್ಕೆ 8 ಮಂದಿ. 2022ರಲ್ಲಿ 100ಕ್ಕೆ 20. ಬೊಜ್ಜು ಅನ್ನುವ ಮಟ್ಟಕ್ಕೇ ಹೋದವರು 2 ಇದ್ದದ್ದು 8 ಆಗಿದೆ. "ನಮ್ಮ ವಂಶವೇ ಹೀಗೆ, ಇವರ ತಾತನೂ ದಪ್ಪ" ಎಂದು ಹೇಳುವವರು ಬಹಳ ಜನ. ವಂಶದ ಪಾತ್ರ ಇದೆ, ಇಲ್ಲ ಅನ್ನಲ್ಲ. ಆದರೆ 32 ವರ್ಷದಲ್ಲಿ ವಂಶ ಬದಲಾಗುತ್ತಾ? ಮನುಷ್ಯನ ವಂಶವಾಹಿ ಅಷ್ಟು ಬೇಗ ಬದಲಾಗುವ ಸಾಮಾನಲ್ಲ. ಬದಲಾದದ್ದು ದಿನ. ಎದ್ದು ಮಲಗುವವರೆಗಿನ ದಿನ.

ನಮ್ಮ ದೇಶದ ಚಿತ್ರ ಸ್ವಲ್ಪ ಬೇರೆ. ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. 2016ರಿಂದ 18ರವರೆಗೆ ಕೇಂದ್ರ ಸರ್ಕಾರ ಮಕ್ಕಳ ಪೌಷ್ಟಿಕತೆಯ ದೊಡ್ಡ ಸಮೀಕ್ಷೆ ಮಾಡಿಸಿತು. 10ರಿಂದ 19 ವರ್ಷದವರಲ್ಲಿ ತೂಕ ಜಾಸ್ತಿ ಇದ್ದವರು 100ಕ್ಕೆ 5. ತೀರಾ ಸಣಕಲು ಇದ್ದವರು 24. ಅಂದರೆ ಈ ದೇಶದ ಹದಿಹರೆಯದವರ ದೊಡ್ಡ ಕಷ್ಟ ಇವತ್ತಿಗೂ ಹೊಟ್ಟೆಗೆ ಸಾಲದಿರುವುದು. ಸರ್ಕಾರಿ ಶಾಲೆಯಲ್ಲಿ ಹಾಲು, ಮೊಟ್ಟೆ ಕೊಡುವುದು ಅದಕ್ಕೇ, ಅದು ನಿಲ್ಲಬಾರದು. ಬೊಜ್ಜು ಜಾಸ್ತಿ ಕಂಡದ್ದು ಪೇಟೆಯಲ್ಲಿ, ಅನುಕೂಲಸ್ಥರ ಮನೆಗಳಲ್ಲಿ. ಅಂದರೆ ಈ ಹಾಲ್‌ನಲ್ಲಿ ಕೂತಿರುವ ನಮ್ಮ ನಿಮ್ಮ ಮನೆಗಳಲ್ಲಿ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ನನಗೆ ನಿದ್ದೆ ಕೆಡಿಸಿದ್ದು ಅದು. ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಿಗೆ ಬಂದಿದ್ದ ಮಕ್ಕಳು 100ಕ್ಕೆ 10. ದಪ್ಪ ಇರುವವರು 5, ಹೊಸ್ತಿಲಲ್ಲಿ ನಿಂತವರು 10. ಅಂದರೆ ನೋಡೋಕೆ ತೆಳ್ಳಗಿರುವವರೂ ಅದರಲ್ಲಿ ಇದ್ದಾರೆ, ಅಲ್ವಾ?

ಇದಕ್ಕೆ ಒಂದು ಸ್ವಾರಸ್ಯದ ಕಥೆ ಇದೆ, ದಾರಿ ತಪ್ಪಿ ಹೇಳಿಬಿಡುತ್ತೇನೆ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅಂತ ಮಧುಮೇಹದ ವೈದ್ಯರು. ಲಂಡನ್ನಿನಲ್ಲಿ ಅವರ ಗೆಳೆಯ ಜಾನ್ ಯಡ್ಕಿನ್. 2004ರಲ್ಲಿ ಇಬ್ಬರೂ ತಮ್ಮ ಫೋಟೋವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ತೂಕವನ್ನು ಎತ್ತರಕ್ಕೆ ತಾಳೆ ಹಾಕಿ ನೋಡುವ ಬಿ.ಎಂ.ಐ. ಇಬ್ಬರದೂ 22.3, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಆದರೆ ಮೈಯಲ್ಲಿರುವ ಕೊಬ್ಬು ಅಳೆದರೆ ಯಡ್ಕಿನ್‌ದು 9.1 ಪರ್ಸೆಂಟ್, ನಮ್ಮ ಯಾಜ್ಞಿಕ್‌ದು 21.2! ಭಾರತದವರ ಮೈ ಹೀಗೆ. ಮೇಲೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂತಿರುತ್ತದೆ, ಅದೂ ಹೊಟ್ಟೆಯ ಸುತ್ತ.

ಇದು ಹುಟ್ಟುವ ಮೊದಲೇ ಶುರುವಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಮಿಷನ್ ಆಸ್ಪತ್ರೆಯಲ್ಲೇ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ 5 ವರ್ಷಕ್ಕೇ ಚರ್ಮದಡಿಯ ಕೊಬ್ಬು ಜಾಸ್ತಿ ಇತ್ತು, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ರಕ್ತದಲ್ಲಿ ಜಾಸ್ತಿ ಇತ್ತು. ಆಗ ಹುಟ್ಟಿದವರು ಈಗ ಮಕ್ಕಳ ತಾಯಂದಿರಾಗುವ ವಯಸ್ಸಿನವರು. ಇವತ್ತು ಎಂಟನೇ ಕ್ಲಾಸಿನಲ್ಲಿರುವ ಹುಡುಗಿಯ ದಿನಚರಿಯನ್ನು ನಾನು ಅವಳೊಬ್ಬಳದು ಅಂತ ನೋಡುವುದಿಲ್ಲ.

ಸರಿ, ಹಾಳೆಗೆ ವಾಪಸ್ ಬರೋಣ. 4.30ರ ಬೇಕರಿ.

(ಇಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಮೇಜಿನ ಬಳಿಗೆ ಕರೆದು, ಕೂಲ್ ಡ್ರಿಂಕ್ಸ್ ಬಾಟಲಿ, ಖಾಲಿ ಲೋಟ, ಸಕ್ಕರೆ ಡಬ್ಬಿ ಕೊಡಲಾಯಿತು.)

ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಮ್ಮ. 100 ಮಿ.ಲೀ.ಗೆ ಸಕ್ಕರೆ ಹತ್ತೂವರೆ ಗ್ರಾಂ. ಬಾಟಲಿ ಎಷ್ಟರದು? 250. ಹಾಗಾದರೆ 26 ಗ್ರಾಂ. ಈ ಚಮಚ 5 ಗ್ರಾಂ ಹಿಡಿಯುತ್ತದೆ. ಹಾಕು ಲೋಟಕ್ಕೆ. ಒಂದು, ಎರಡು, ಮೂರು... ಹಿಂದಿನ ಸಾಲಿನಲ್ಲಿ ಯಾರೋ "ಸಾಕು" ಅಂದರಲ್ಲ! ಅವಳಿನ್ನೂ ನಾಲ್ಕಕ್ಕೆ ಬಂದಿಲ್ಲ. ಐದು, ಮೇಲೆ ಒಂದು ಚಿಟಿಕೆ. ಮನೆಯಲ್ಲಿ ಕಾಫಿಗೆ ಇಷ್ಟು ಸಕ್ಕರೆ ಹಾಕಿ ಕೊಟ್ಟರೆ ಲೋಟ ಎತ್ತಿ ಎಸೀತೀರಿ. ತಣ್ಣಗಿದ್ದಾಗ, ಹುಳಿ ಮತ್ತು ಗ್ಯಾಸ್ ಸೇರಿದಾಗ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಹೀಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಾಟಲಿಗೇ ಕೋಟಾ ಮುಗಿಯಿತು. ಬೆಳಿಗ್ಗೆಯ ಹಾಲಿಗೆ ಹಾಕಿದ ಪುಡಿ, ಬಿಸ್ಕತ್ತು, ಕೆಚಪ್ಪು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಕುಡಿಯುವ ಸಕ್ಕರೆಯ ಒಂದು ಕೆಟ್ಟ ಗುಣ ಹೇಳುತ್ತೇನೆ. ಅದು ಹೊಟ್ಟೆ ತುಂಬಿಸುವುದಿಲ್ಲ. ಎರಡು ಚಪಾತಿ ತಿಂದರೆ ಮುಂದಿನ ಊಟಕ್ಕೆ ಹಸಿವು ಕಡಿಮೆ. ಒಂದು ಬಾಟಲಿ ಕುಡಿದವನು ಊಟಕ್ಕೆ ಕೂತರೆ ಎಂದಿನಷ್ಟೇ ತಿನ್ನುತ್ತಾನೆ. ಪ್ಯಾಕೆಟ್ಟಿನ ಹಣ್ಣಿನ ರಸವೂ ಇದೇ ಜಾತಿ. ಮೇಲೆ ಮಾವಿನ ಚಿತ್ರ ಇದೆ ಅಂತ ಮೋಸ ಹೋಗಬೇಡಿ.

ಗೋಬಿ ಮಂಚೂರಿ ವಿಷಯ ಯಾರಾದರೂ ಕೇಳೇ ಕೇಳ್ತೀರಿ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದು ನಿಷೇಧ ಹಾಕಿತು. ಒಳ್ಳೆಯದೇ. ಆಮೇಲೆ ಒಬ್ಬ ತಂದೆ ನನ್ನ ಹತ್ತಿರ, "ಈಗ ಬಣ್ಣ ಇಲ್ವಲ್ಲ ಡಾಕ್ಟ್ರೇ, ದಿನಾ ಕೊಡಿಸಬಹುದಾ?" ಎಂದರು. ಬಣ್ಣ ಹೋಯಿತು ಸ್ವಾಮಿ, ಮೈದಾ ಎಲ್ಲಿ ಹೋಯಿತು? ಎಣ್ಣೆ ಎಲ್ಲಿ ಹೋಯಿತು?

ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಸುತ್ತ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಒಮ್ಮೆ ಒಂದು ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸಿಕೊಂಡು ಹೋದೆ. 32ನೇ ಹೆಜ್ಜೆಗೆ ಬಾಂಡಲಿಯ ಮುಂದೆ ನಿಂತಿದ್ದೆ. ಬೋಂಡ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ತಣ್ಣಗಿನ ಚಿತ್ರಾನ್ನ ತಿಂದ ಮಗು ನಾಲ್ಕೂವರೆಗೆ ಹಸಿದೇ ಹಸಿಯುತ್ತದೆ. ಬೆಳೆಯುವ ವಯಸ್ಸು. ಆ ಹೊತ್ತಿಗೆ ಮಗುವಿನ ಕೈಯಲ್ಲಿ 30 ರೂಪಾಯಿ ಇಟ್ಟು, ಮುಂದೆ ಬೇಕರಿ ಇಟ್ಟು, ನಾವು ಎಲ್ಲೋ ಆಫೀಸಿನಲ್ಲಿ ಕೂತಿರುತ್ತೇವೆ. ಚೀಲದಲ್ಲಿ ಒಂದು ಎರಡನೇ ಡಬ್ಬಿ ಹಾಕಿ. ಹುರಿದ ಕಡಲೆಕಾಯಿ, ಎರಡು ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಉಸಲಿ, ಯಾವುದಾದರೂ. ನಾಲ್ಕೂವರೆಯ ಹಸಿವನ್ನು ಹಿಡಿದರೆ ಅರ್ಧ ಕೆಲಸ ಆಯಿತು. ಊಟದ ಬಗ್ಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉಪದೇಶ ಇಲ್ಲ.

ಆಟಕ್ಕೆ ಬರೋಣ. ಈ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವ ಹಾಗೆ ಮೈ ಆಡಿಸಬೇಕು. 11ರಿಂದ 17 ವರ್ಷದ ಭಾರತದ ಮಕ್ಕಳಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಮೂವರು ಇಷ್ಟು ಮಾಡುವುದಿಲ್ಲ, ಇದು 2016ರ ಲೆಕ್ಕ. ಹುಡುಗಿಯರು ಇನ್ನೂ ಕಮ್ಮಿ. ಯಾಕೆ ಕಮ್ಮಿ, ನಿಮಗೇ ಗೊತ್ತು. ಹುಡುಗಿ ದೊಡ್ಡವಳಾದಳು ಅಂದ ತಕ್ಷಣ ನಾವು ಎರಡು ಕೆಲಸ ಒಟ್ಟಿಗೆ ಮಾಡುತ್ತೇವೆ. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳುಂಡೆ ಶುರು. ಹೊರಗಿನ ಆಟ ಬಂದ್. ಕೊಬ್ಬರಿ ಬೆಲ್ಲದ ಮೇಲೆ ನನ್ನ ತಕರಾರಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಅದನ್ನು ತಿಂದ ಹುಡುಗಿ ವಾರ ಕಳೆದ ಮೇಲೆ ಬಾವಿಯಿಂದ ನೀರು ಸೇದುತ್ತಿದ್ದಳು, ರಾಗಿ ಬೀಸುತ್ತಿದ್ದಳು. ಈಗ ಉಂಡೆ ಹಾಗೇ ಇದೆ, ಬಾವಿ ಹೋಯಿತು.

ಹಾಗಂತ ಲಗೋರಿ, ಚಿನ್ನಿ ದಾಂಡು ಅಂತ ನಾನು ಹಳೇ ಹಾಡು ಹಾಡಲ್ಲ. ಎಲ್ಲಿ ಆಡ್ತಾರೆ? ನಮ್ಮ ಬೀದಿಯಲ್ಲಿ ಖಾಲಿ ಸೈಟು ಅಂತ ಇದ್ದದ್ದು ಒಂದು, ಅಲ್ಲಿ ಈಗ ಮೂರಂತಸ್ತಿನ ಮನೆ. ಅದಕ್ಕೇ ನಾನು ಕೇಳುವುದು ಪಿ.ಟಿ. ಪೀರಿಯಡ್ಡನ್ನು. ಗಣಿತದ ಮೇಷ್ಟ್ರು ಸಾಲ ಅಂತ ತಗೊಳ್ತಾರೆ, ವಾಪಸ್ ಕೊಟ್ಟದ್ದು ನಾನಂತೂ ಕೇಳಿಲ್ಲ. ಇಲ್ಲಿ ಮುಖ್ಯೋಪಾಧ್ಯಾಯರು ಕೂತಿದ್ದಾರೆ, ಅವರು ಬೇರೆ ಕಡೆ ನೋಡುತ್ತಿದ್ದಾರೆ. ಇರಲಿ.

ಫೋನಿನ ಬಗ್ಗೆ ಸುಮ್ನೆ ಬೈಯುವುದು ಸುಲಭ. ಕೂತಿರೋದು ಒಂದೇ ಅದರ ತೊಂದರೆ ಅಲ್ಲ. ಕಣ್ಣು ಪರದೆ ಮೇಲಿದ್ದಾಗ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ, ಎಷ್ಟು ತಿಂದೆ ಅಂತ ತಲೆಗೆ ಗೊತ್ತಾಗುವುದಿಲ್ಲ. ಮತ್ತೆ, ಊಟದ ಹೊತ್ತಿಗೆ ಫೋನು ಕೊಟ್ಟು ಅಭ್ಯಾಸ ಮಾಡಿಸಿದ್ದು ಯಾರು? ಎರಡು ವರ್ಷದ ಮಗುವಿಗೆ ಹಾಡು ಹಾಕಿ ಬಾಯಿಗೆ ತುತ್ತು ತುರುಕಿದವರು ನಾವೇ ಅಲ್ವಾ?

ಅದಕ್ಕಿಂತ ದೊಡ್ಡ ನಷ್ಟ ನಿದ್ದೆಯದು. ಬೊಜ್ಜು ಅಂದರೆ ಎಲ್ಲರೂ ತಟ್ಟೆ ನೋಡುತ್ತಾರೆ, ಹಾಸಿಗೆ ನೋಡುವವರು ಕಡಿಮೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 2004ರಲ್ಲಿ ಶಿಕಾಗೋದಲ್ಲಿ 12 ಜನ ತರುಣರನ್ನು ಎರಡು ರಾತ್ರಿ ಬರೀ ನಾಲ್ಕೇ ಗಂಟೆ ಮಲಗಿಸಿ ನೋಡಿದರು. 'ಸಾಕು' ಅಂತ ತಲೆಗೆ ಹೇಳುವ ಲೆಪ್ಟಿನ್ ಇಳಿಯಿತು, 'ಹಸಿವು' ಅಂತ ಕೂಗುವ ಗ್ರೆಲಿನ್ ಏರಿತು. ಅವರಿಗೆ ಬೇಕೆನಿಸಿದ್ದು ಸೊಪ್ಪು ತರಕಾರಿ ಅಲ್ಲ, ಸಿಹಿ ಮತ್ತು ಉಪ್ಪಿನ ಕುರುಕಲು. ಅವರು ವಯಸ್ಕರು, ಪ್ರಯೋಗ ಚಿಕ್ಕದು, ನಿಜ. ಆದರೆ ಪರೀಕ್ಷೆ ಹೊತ್ತಿನಲ್ಲಿ ರಾತ್ರಿ ಹನ್ನೊಂದಕ್ಕೆ ನಿಮ್ಮ ಮಕ್ಕಳು ಅಡುಗೆಮನೆಯ ಡಬ್ಬಿ ತಡಕುವುದನ್ನು ನೋಡಿದ್ದೀರಲ್ಲ? ಅದು ಬಾಯಿಚಪಲ ಒಂದೇ ಅಲ್ಲ.

ಇನ್ನೊಂದು ಮಾತು ಮಕ್ಕಳ ಪರವಾಗಿ. ಹರೆಯ ಬಂದಾಗ ಮೈಯೊಳಗಿನ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ಓಡುತ್ತದೆ. ಒಂಬತ್ತಕ್ಕೆ ಮಲಗು ಅಂದರೆ ಅವರಿಗೆ ನಿದ್ದೆ ಬರುವುದಿಲ್ಲ, ಹಟ ಅಲ್ಲ. ಆದರೆ ಬೆಳಿಗ್ಗೆ ಐದೂವರೆ ಟ್ಯೂಷನ್ನಿಗೆ ನಾವು ಎಬ್ಬಿಸುತ್ತೇವೆ. ಎರಡೂ ಕಡೆಯಿಂದ ಕತ್ತರಿ.

ಈಗ ಕುತ್ತಿಗೆಯ ವಿಷಯ. ಹಾಳೆ ಬರೆದ ಹುಡುಗ ಬೇಸಿಗೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿದ್ದ. ಬಿಚ್ಚಿಸಿ ನೋಡಿದರೆ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ, ಮುಟ್ಟಿದರೆ ಮಖಮಲ್ಲಿನ ಹಾಗೆ. ಪಕ್ಕದಲ್ಲೇ ಗೀರಿದ ಕೆಂಪು ಗಾಯ. "ಎಷ್ಟು ಉಜ್ಜಿದರೂ ಕೊಳೆ ಹೋಗಲ್ಲ ಡಾಕ್ಟ್ರೇ. ಕಡಲೆಹಿಟ್ಟು, ನಿಂಬೆಹಣ್ಣು, ಕೊನೆಗೆ ತೆಂಗಿನ ನಾರು" ಎಂದರು ಅಮ್ಮ. ಅದು ಕೊಳೆ ಅಲ್ಲ. ಮೈ ಇನ್ಸುಲಿನ್ನಿನ ಮಾತು ಕೇಳದೆ ಹೋದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಜಾಸ್ತಿಯಾದರೆ ಕುತ್ತಿಗೆ, ಕಂಕುಳ ಮಡಿಕೆಯ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಉಜ್ಜಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಇದ್ದವರಿಗೆಲ್ಲ ಸಕ್ಕರೆ ಕಾಯಿಲೆ ಅಂತಲ್ಲ, ಆದರೆ ಮೈ ಮುಂಚೆಯೇ ಬರೆದು ಕಳಿಸಿದ ಚೀಟಿ ಅದು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ತಪಾಸಣೆ ಶಿಬಿರ. ಮಕ್ಕಳು ಸಾಲಾಗಿ ನಿಂತಿದ್ದರು. ನಾನು ತೂಕ ಓದುತ್ತಿದ್ದೆ, ಆ ಕಡೆ ಮೇಜಿನಲ್ಲಿ ನರ್ಸ್ ಬರೆದುಕೊಳ್ಳುತ್ತಿದ್ದರು. ಗಲಾಟೆ ಇತ್ತು, ಜೋರಾಗಿ ಓದಿದೆ. "71." ಸಾಲಿನಲ್ಲಿ ಒಂದು ಕ್ಷಣ ನಿಶ್ಶಬ್ದ, ಆಮೇಲೆ ನಗು. ಏಳನೇ ಕ್ಲಾಸಿನ ಹುಡುಗಿ. ಇಳಿದು ನನ್ನ ಮುಖ ನೋಡದೆ ಹೋದಳು. ಮುಂದಿನ ವರ್ಷ ಶಿಬಿರದ ದಿನ ಅವಳು ಗೈರು. ಪಿ.ಟಿ.ಗೂ ಅವಳು ಹೋಗುತ್ತಿರಲಿಲ್ಲ, ಪ್ರತಿ ಸಲ ಹೊಟ್ಟೆನೋವು ಅಂತ ಟೀಚರ್ ಹೇಳಿದರು. ಆ ಹೊಟ್ಟೆನೋವು ಬರಿಸಿದವರಲ್ಲಿ ನಾನೂ ಒಬ್ಬ ಅಂತ ನನಗೆ ಗೊತ್ತು. ಈಗ ನಾನು ಮಕ್ಕಳನ್ನು ತಿರುಗಿ ನಿಲ್ಲಿಸಿ ತೂಕ ನೋಡುತ್ತೇನೆ, ನಾನೇ ಬರೆದುಕೊಳ್ಳುತ್ತೇನೆ.

ಮದುವೆ ಮನೆಯಲ್ಲಿ "ಏನ್ರೀ ತಿನ್ನಿಸ್ತೀರಾ ಇವಳಿಗೆ" ಎನ್ನುವ ಅತ್ತೆ, ಚಿಕ್ಕಮ್ಮಂದಿರು ಇದ್ದೇ ಇರುತ್ತಾರೆ. ಅದೇ ಬಾಯಲ್ಲಿ ತೆಳ್ಳಗಿನ ಮಗುವಿಗೆ "ಇಳಿದು ಹೋಗಿದ್ದೀಯಲ್ಲೋ" ಎಂದು ಇನ್ನೊಂದು ಹೋಳಿಗೆ ಹಾಕುತ್ತಾರೆ. ನಾಚಿಕೆ ಹುಟ್ಟಿಸಿದರೆ ಯಾವ ಮಗುವೂ ತೆಳ್ಳಗಾಗುವುದಿಲ್ಲ. ಬಾಗಿಲು ಹಾಕಿಕೊಂಡು ತಿನ್ನುತ್ತದೆ, ಅಷ್ಟೇ.

ಆ ಹುಡುಗನಿಗೆ ನಾನು ಡಯಟ್ ಚಾರ್ಟ್ ಕೊಡಲಿಲ್ಲ. ಅಮ್ಮನಿಗೆ ಬೇಜಾರಾಯಿತು. ಇಡೀ ಮನೆ ಪೂರಿ ತಿನ್ನುವಾಗ ಅವನೊಬ್ಬನಿಗೆ ಒಣ ಚಪಾತಿ ಎಂದರೆ ಎಷ್ಟು ದಿನ ನಡೆಯುತ್ತದೆ? ಹಾಳೆಯನ್ನೇ ಮುಂದಿಟ್ಟುಕೊಂಡು ಎಲ್ಲಿ ಬದಲಾಯಿಸಬಹುದು ಅಂತ ಅವನನ್ನೇ ಕೇಳಿದೆ. ಟ್ಯೂಷನ್ ಮನೆಯಿಂದ ಒಂದೂಕಾಲು ಕಿಲೋಮೀಟರ್. "ಸೈಕಲ್ ಇಲ್ವಾ?" "ಇದೆ, ಕವರ್ ಹಾಕಿಟ್ಟಿದ್ದಾರೆ. ಟ್ರಾಫಿಕ್ ಅಂತ ಅಪ್ಪ ಬಿಡಲ್ಲ." 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ಹಳ್ಳಿಯ ಹುಡುಗಿಯರು ಸಾಲಾಗಿ ತುಳಿದುಕೊಂಡು ಹೋಗುತ್ತಿದ್ದರು. ಇಲ್ಲಿ ಸ್ವಂತ ಸೈಕಲ್ಲಿಗೆ ಕವರು. ಅಪ್ಪನನ್ನು ಕರೆಸಿದೆ. ಒಂದು ವಾರ ಅವರೂ ಹಿಂದೆ ಸ್ಕೂಟರಿನಲ್ಲಿ ಹೋಗಿ ಒಳರಸ್ತೆ ತೋರಿಸಿದರು. ಎರಡನೇ ಬದಲಾವಣೆ ನಾಲ್ಕೂವರೆಯ ಡಬ್ಬಿ. ಮೂರನೆಯದು, ಹತ್ತೂವರೆಗೆ ಮನೆಯ ಎಲ್ಲರ ಫೋನೂ ಫ್ರಿಜ್ಜಿನ ಮೇಲೆ. ಎಲ್ಲರದೂ. ಮೂರನೆಯದಕ್ಕೆ ಜಾಸ್ತಿ ಕಷ್ಟಪಟ್ಟದ್ದು ಅಪ್ಪ ಅಂತ ಹುಡುಗ ಖುಷಿಯಿಂದ ಹೇಳಿದ.

ಆರು ತಿಂಗಳು ಬಿಟ್ಟು ಬಂದರು. ಅಮ್ಮ ತೂಕದ ಮಿಷನ್ ನೋಡಿ, "ಒಂದು ಕೆಜಿನೂ ಇಳಿದಿಲ್ವಲ್ಲ ಡಾಕ್ಟ್ರೇ" ಎಂದರು. ಗೋಡೆಯ ಪಟ್ಟಿಗೆ ನಿಲ್ಲಿಸಿದೆ. ಮೂರು ಸೆಂಟಿಮೀಟರ್ ಎತ್ತರ ಆಗಿದ್ದ. ಬೆಳೆಯುವ ಮಕ್ಕಳ ಅನುಕೂಲ ಇದೇ. ತೀರಾ ಜಾಸ್ತಿ ತೂಕ ಇದ್ದವರ ಮಾತು ಬೇರೆ, ಅವರನ್ನು ವೈದ್ಯರು ನೋಡಬೇಕು. ಉಳಿದ ಬಹಳ ಮಕ್ಕಳಿಗೆ ತೂಕ ಇಳಿಯಬೇಕಿಲ್ಲ, ಏರದೆ ನಿಂತರೆ ಸಾಕು, ಎತ್ತರ ಬಂದು ಸರಿದೂಗಿಸುತ್ತದೆ. ಕುತ್ತಿಗೆಯ ಕಪ್ಪು ಇನ್ನೂ ಹಾಗೇ ಇದೆ, ಅದಕ್ಕೆ ಸಮಯ ಬೇಕು. ಅಂಗಿಯ ಗುಂಡಿಯೂ ಹಾಕಿಯೇ ಇತ್ತು.

ಎರಡನೇ ಹಾಳೆ ಬರೆಸಿದೆ. ಬೇಕರಿ ಇನ್ನೂ ಇದೆ, ವಾರಕ್ಕೆ ಎರಡು ದಿನ. ಪಿ.ಟಿ.ಯಲ್ಲಿ ಮ್ಯಾಥ್ಸ್ ಇನ್ನೂ ಇದೆ. "11 ಮಲಗಿದೆ" ಅಂತಿದೆ, ಅಮ್ಮ ಅದನ್ನು ಒಪ್ಪಲಿಲ್ಲ, ಹನ್ನೊಂದೂವರೆ ಅಂದರು. ಟ್ಯೂಷನ್ ಮುಂದೆ ಬ್ರಾಕೆಟ್ಟಿನಲ್ಲಿ "ಸೈಕಲ್" ಅಂತ ಬರೆದಿದ್ದ. ಅದರ ಕೆಳಗೆ ಇನ್ನೊಂದು ಸಾಲು: "ಬರ್ತಾ ಸುತ್ತು ಹಾಕಿಕೊಂಡು ಬಂದೆ."